ನುಂಗುವ ಸ್ನಾಯುಗಳಿಗೂ ವ್ಯಾಯಾಮ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದ ಹಿರಿಯರೊಬ್ಬರನ್ನು ಅವರ ಮಗ ನಮ್ಮಲ್ಲಿಗೆ ಕರೆತಂದಿದ್ದರು. ಪಾರ್ಶ್ವವಾಯು ತಗುಲಿ ಎರಡು ತಿಂಗಳಾಗಿತ್ತು. ಕೈಕಾಲುಗಳು ಚೇತರಿಸಿಕೊಳ್ಳುತ್ತಿದ್ದವು; ಆದರೆ ನೀರು, ಕಾಫಿ ಕುಡಿದಾಗಲೆಲ್ಲ ಕೆಮ್ಮು. ನಾವೂ ಅದನ್ನು ಕಫದ ಕೆಮ್ಮೆಂದೇ ಎಣಿಸಿ ಕಷಾಯ ಬರೆದುಕೊಟ್ಟೆವು. ಎರಡನೆಯ ಭೇಟಿಯಲ್ಲಿ, ನೀರು ಕುಡಿದೊಡನೆ ಅವರ ಧ್ವನಿ ಗೊರಗೊರ ಎಂದುದನ್ನು ಕೇಳಿದಾಗ ನಮ್ಮ ತಪ್ಪು ತಿಳಿಯಿತು. ನೀರು ಶ್ವಾಸನಾಳದ ಕಡೆಗೆ ಜಾರುತ್ತಿತ್ತು. ನಮ್ಮ ಕಷಾಯವೂ ಅದೇ ದಾರಿ ಹಿಡಿದಿರಬೇಕು.

ನುಂಗುವಾಗ ಗಂಟಲಿನಲ್ಲಿ ನಡೆಯುವ ಕೆಲಸ ಸುಮಾರು ಒಂದು ಸೆಕೆಂಡಿನದು. ಗದ್ದದ ಕೆಳಗೆ ಕುದುರೆಲಾಳದ ಆಕಾರದ ಸಣ್ಣ ಮೂಳೆಯಿದೆ. ಅದಕ್ಕೆ ಅಂಟಿದ ಸ್ನಾಯುಗಳು ಸಂಕುಚಿಸಿದಾಗ ಮೂಳೆಯೂ ಧ್ವನಿಪೆಟ್ಟಿಗೆಯೂ ಮೇಲಕ್ಕೂ ಮುಂದಕ್ಕೂ ಸರಿಯುತ್ತವೆ. ಆಗ ಎಲೆಯಂಥ ಮುಚ್ಚಳ ಶ್ವಾಸಮಾರ್ಗದ ಮೇಲೆ ಬಾಗುತ್ತದೆ, ಅನ್ನನಾಳದ ಬಾಯಿ ತೆರೆದುಕೊಳ್ಳುತ್ತದೆ. ಈ ಸ್ನಾಯುಗಳು ಸೋತರೆ ಎರಡೂ ಕೆಲಸ ಅರ್ಧಕ್ಕೆ ನಿಲ್ಲುತ್ತವೆ. ಆಹಾರ ಶ್ವಾಸಕೋಶ ಸೇರಿ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಕೆಲವರಿಗೆ ಕೆಮ್ಮೂ ಬಾರದು. ಪದೇ ಪದೇ ಜ್ವರ, ತೂಕ ಇಳಿಯುವುದು, ಇವಷ್ಟೇ ಸುಳಿವು.

ಅಮೆರಿಕದ ವೈದ್ಯ ರೆಜಾ ಶೇಕರ್ 1997ರಲ್ಲಿ ಪ್ರಕಟಿಸಿದ ವ್ಯಾಯಾಮ ಈ ಸ್ನಾಯುಗಳಿಗೇ ಮೀಸಲು. ದಿಂಬಿಲ್ಲದೆ ಅಂಗಾತ ಮಲಗಿ, ಭುಜ ನೆಲ ಬಿಡದಂತೆ, ಕಾಲ್ಬೆರಳು ಕಾಣುವಷ್ಟು ತಲೆಯನ್ನು ಮಾತ್ರ ಎತ್ತಬೇಕು. ಒಂದು ನಿಮಿಷ ಹಿಡಿದು ಒಂದು ನಿಮಿಷ ವಿಶ್ರಾಂತಿ. ಹೀಗೆ ಮೂರು ಬಾರಿ. ಬಳಿಕ ನಿಲ್ಲಿಸದೆ 30 ಬಾರಿ ಎತ್ತಿ ಇಳಿಸಬೇಕು. ದಿನಕ್ಕೆ ಮೂರು ಸಲ, ಆರು ವಾರ. ಭಾರ ಎತ್ತಿ ತೋಳು ಬಲಗೊಳ್ಳುವಂತೆ ಇಲ್ಲಿ ತಲೆಯ ಭಾರವೇ ಗದ್ದದಡಿಯ ಸ್ನಾಯುಗಳನ್ನು ಬಲಪಡಿಸುತ್ತದೆ. ಕತ್ತಿನ ಮೂಳೆ ಸವೆತವಿದ್ದವರು, ಗಂಟಲಿಗೆ ಉಸಿರಾಟದ ಕೊಳವೆ ಹಾಕಿಸಿಕೊಂಡವರು ಇದನ್ನು ಮಾಡಬಾರದು. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಹಿಡಿದು ನುಂಗುವ ಇನ್ನೊಂದು ಅಭ್ಯಾಸವನ್ನು ಉಗುಳಿನಿಂದಷ್ಟೇ ಮಾಡಬೇಕು, ತುತ್ತಿನೊಡನೆ ಎಂದಿಗೂ ಅಲ್ಲ.

ನಮ್ಮ ಶಾಸ್ತ್ರದ ಗಂಡೂಷದಿಂದ ಬಾಯಿಗೆ ಹಿತವಿದೆ. ಆದರೆ ಅದು ಈ ವ್ಯಾಯಾಮದ ಸ್ಥಾನ ತುಂಬದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ನುಂಗಲು ಕಷ್ಟಪಡುವವರ ಬಾಯಲ್ಲಿ ಎಣ್ಣೆ ನಿಲ್ಲಿಸುವುದು ಅಪಾಯವೇ ಸರಿ. ಮಾತನಾಡದೆ, ನಗದೆ ಉಣ್ಣಬೇಕೆಂಬ ಚರಕರ ಉಪದೇಶವಾದರೋ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಟೀನುಗಳಲ್ಲಿ ಕಿವಿಗೆ ಮೊಬೈಲು ಇಟ್ಟು ಊಟ ಮುಗಿಸುವ ತರುಣರೂ ಇದನ್ನು ಕೇಳಲಿ.

ಯಾವ ವ್ಯಾಯಾಮ ಯಾರಿಗೆ ಎಂಬುದನ್ನು ಪರೀಕ್ಷೆಯ ನಂತರ ವಾಕ್ ಚಿಕಿತ್ಸಕರೇ ನಿರ್ಧರಿಸಬೇಕು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂತಹ ತಜ್ಞರು ತರಬೇತಿ ಪಡೆಯುತ್ತಾರೆ. ಅಲ್ಲಿಯವರೆಗೆ ರೋಗಿಯನ್ನು ನೆಟ್ಟಗೆ ಕೂರಿಸಿ ಸಣ್ಣ ತುತ್ತು ಕೊಡಿ; ಮಲಗಿಸಿ ನೀರು ಹಾಕಬೇಡಿ. ಕೆಮ್ಮಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಆ ಹಿರಿಯರು ಚಿಕಿತ್ಸಕರ ಕಣ್ಣೆದುರೇ ಅಭ್ಯಾಸ ಆರಂಭಿಸಿದರು. ಈಗ ಗಟ್ಟಿ ರಾಗಿ ಅಂಬಲಿ ಕೆಮ್ಮಿಲ್ಲದೆ ಇಳಿಯುತ್ತಿದೆ. ಅಗಿಯದೆ ನುಂಗುವ ಮುದ್ದೆಯನ್ನು ಮಾತ್ರ ಇನ್ನೂ ಕೊಟ್ಟಿಲ್ಲ. ಬಂದಾಗಲೆಲ್ಲ ಅದನ್ನೇ ಕೇಳುತ್ತಾರೆ.