ಸೀನು, ಸಿಟ್ರಿಜಿನ್, ಸ್ಕೂಟರ್

ಬೆಳಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು, ಕಣ್ಣಲ್ಲಿ ತುರಿಕೆ. ಮೆಡಿಕಲ್ ಶಾಪ್‌ಗೆ ಹೋಗಿ "ಅಲರ್ಜಿಗೆ ಒಂದು ಮಾತ್ರೆ ಕೊಡಿ" ಅಂತೀರಿ. ಸ್ಟ್ರಿಪ್‌ನಿಂದ ಎರಡು ಮಾತ್ರೆ ಕತ್ತರಿಸಿ ಕೈಗಿಡ್ತಾರೆ. ಅದರ ಮೇಲೆ ಹೆಸರು ಅರ್ಧ ಹೋಗಿರುತ್ತೆ, ಎಕ್ಸ್‌ಪೈರಿ ಡೇಟ್ ಪೂರ್ತಿ ಹೋಗಿರುತ್ತೆ. ಇಡೀ ಸ್ಟ್ರಿಪ್ ಕೇಳಿ ಓದಿ, ನಾಚಿಕೆ ಬೇಡ.

ನೋಡಬೇಕಾದ್ದು ಬ್ರ್ಯಾಂಡ್ ಅಲ್ಲ, ಒಳಗಿರೋ ಔಷಧಿ. ಕ್ಲೋರ್‌ಫೆನಿರಮೈನ್ ಹಳೇ ಕಾಲದ್ದು. ಮೆದುಳಿಗೂ ಹೋಗುತ್ತೆ, ಚೆನ್ನಾಗಿ ನಿದ್ದೆ ಬರಿಸುತ್ತೆ. ಸಿಟ್ರಿಜಿನ್‌ನಲ್ಲಿ ಅದು ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನೋ ಹಾಗಿಲ್ಲ. ಮೊದಲ ಸಲ ರಾತ್ರಿ ತಗೊಂಡು ನೋಡಿ. ನುಂಗಿ ಸ್ಕೂಟರ್ ಹತ್ತಬೇಡಿ. ದೊಡ್ಡವರಿಗೆ ದಿನಕ್ಕೆ 10 ಮಿಲಿಗ್ರಾಂ, ಅಷ್ಟೇ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರ್ ಹೇಳಿದಷ್ಟೇ. ಫೆಕ್ಸೊಫೆನಡಿನ್ ತೂಕಡಿಕೆ ತರೋದು ಕಡಿಮೆ. ಅದನ್ನ ನೀರಲ್ಲೇ ನುಂಗಿ. ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ತಗೊಂಡ್ರೆ ಮೈಗೆ ಸರಿಯಾಗಿ ಹತ್ತಲ್ಲ.

ನಿಜವಾದ ಎಡವಟ್ಟು ಆಗೋದು ಶೀತದ ಮಾತ್ರೆಯಲ್ಲಿ. ಎಷ್ಟೋ ಮಾತ್ರೆಗಳಲ್ಲಿ ಇದೇ ಅಲರ್ಜಿ ಔಷಧಿ ಬೆರೆತಿರುತ್ತೆ. ಎರಡೂ ನುಂಗಿದ್ರೆ ಡಬಲ್ ಡೋಸ್. ಜೊತೆಗೆ ಮೂಗು ಬಿಡಿಸೋಕೆ ಅಂತ ಹಾಕೋ ಫಿನೈಲ್‌ಎಫ್ರಿನ್ ಇದ್ರೆ ಬಿಪಿ ಇರೋರು ಕೇಳದೇ ಮುಟ್ಟಬೇಡಿ. ಇವೆರಡೂ, ಅಂದ್ರೆ ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್, ಬೆರೆತ ಔಷಧಿಯನ್ನ 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ 2023ರಲ್ಲಿ ಕೇಂದ್ರ ಔಷಧ ನಿಯಂತ್ರಕರೇ ಹೇಳಿದ್ದಾರೆ.

ಮೂಗು ಕಟ್ಟಿದಾಗ ಹಾಕೋ ಕ್ಸೈಲೊಮೆಟಜೊಲಿನ್ ಡ್ರಾಪ್ಸ್? ಮೂರ್ನಾಲ್ಕು ದಿನ ಸಾಕು. ಅದಕ್ಕಿಂತ ಹೆಚ್ಚು ದಿನ ಹಾಕಿದ್ರೆ, ನಿಲ್ಲಿಸಿದ ಕೂಡಲೇ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತೆ.

ಉಸಿರಾಟ ಕಷ್ಟ ಆದ್ರೆ, ತುಟಿ ನಾಲಿಗೆ ಊದಿಕೊಂಡ್ರೆ ಮಾತ್ರೆ ಹುಡುಕ್ತಾ ಕೂರಬೇಡಿ; 108ಕ್ಕೆ ಫೋನ್ ಮಾಡಿ.