ಮೊಣಕಾಲಿಗೆ ಚಿಕಿತ್ಸೆ ಉಂಟು, ಮನಸ್ಸಿಗೆ ಏಕಿಲ್ಲ?

ಚಿಕ್ಕಮಗಳೂರು: ಆಟಗಾರನ ಮೊಣಕಾಲು ಉಳುಕಿದರೆ ಫಿಸಿಯೋ ಮೈದಾನಕ್ಕೆ ಓಡಿ ಬರುತ್ತಾರೆ. ಭುಜದ ಸ್ನಾಯು ಹರಿದರೆ ತಿಂಗಳುಗಟ್ಟಲೆ ವಿಶ್ರಾಂತಿ ದೊರೆಯುತ್ತದೆ. ಆದರೆ ಅದೇ ಆಟಗಾರನಿಗೆ ವಾರಗಟ್ಟಲೆ ನಿದ್ದೆ ಬಾರದೆ, ಬೆಳಗಾಗುವುದೇ ಬೇಡವೆನಿಸಿದರೆ? ಅದನ್ನು ಯಾರ ಬಳಿಯೂ ಹೇಳಿಕೊಳ್ಳದೆ ನುಂಗಿಕೊಳ್ಳುವುದೇ ನಮ್ಮಲ್ಲಿ ಬೆಳೆದು ಬಂದ ವಾಡಿಕೆ. ಈ ಮೌನದ ಬೆಲೆ ಎಷ್ಟೆಂಬುದಕ್ಕೆ ಉದಾಹರಣೆಗಳನ್ನು ದೂರದಲ್ಲಿ ಹುಡುಕಬೇಕಿಲ್ಲ.

ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 2011ರಲ್ಲಿ, 18ನೆಯ ವಯಸ್ಸಿನಲ್ಲಿ ಭಾರತ ತಂಡ ಸೇರಿದವರು. 2017ರ ವಿಶ್ವಕಪ್ ಫೈನಲ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ 35 ರನ್ ಗಳಿಸಿದ್ದರು. 2021ರ ಏಪ್ರಿಲ್‌ನಲ್ಲಿ ಕೋವಿಡ್ ಅವರ ತಾಯಿಯನ್ನು ಬಲಿ ಪಡೆಯಿತು. ಎರಡೇ ವಾರಗಳಲ್ಲಿ ಅಕ್ಕನೂ ಅಗಲಿದರು. ಇಂತಹ ಹೊತ್ತಿನಲ್ಲಿ ಕ್ರಿಕೆಟ್ ಮಂಡಳಿ ಆಕೆಯ ಯೋಗಕ್ಷೇಮ ವಿಚಾರಿಸಬೇಕಿತ್ತು ಎಂದು ಆಸ್ಟ್ರೇಲಿಯಾದ ಮಾಜಿ ಆಟಗಾರ್ತಿ ಲಿಸಾ ಸ್ಥಳೇಕರ್ ಬಹಿರಂಗವಾಗಿ ಟೀಕಿಸಿದರು. ಮಂಡಳಿಯ ಕಾರ್ಯದರ್ಶಿ ತಮಗೆ ಕರೆ ಮಾಡಿ ಧೈರ್ಯ ತುಂಬಿದ್ದಾಗಿ ವೇದಾ ನಂತರ ತಿಳಿಸಿದರು. ಮತ್ತೆ ಬ್ಯಾಟ್ ಹಿಡಿದ ಅವರು 2025ರ ಜುಲೈನಲ್ಲಿ ನಿವೃತ್ತಿ ಘೋಷಿಸಿದರು. ಆಟಗಾರರ ದುಃಖವನ್ನು ವಿಚಾರಿಸುವವರು ಯಾರು ಎಂಬ ಪ್ರಶ್ನೆಯನ್ನು ಆ ಪ್ರಸಂಗ ನಮ್ಮ ಮುಂದಿಟ್ಟಿತು.

ಮತ್ತೊಂದು ಕಾಫಿ ಜಿಲ್ಲೆ ಕೊಡಗಿನ ರಾಬಿನ್ ಉತ್ತಪ್ಪ ಅವರದು ಇನ್ನೊಂದು ಬಗೆಯ ಕಥೆ. 2007ರಲ್ಲಿ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಅವರು, 2009ರಿಂದ 2011ರವರೆಗೆ ತಮ್ಮನ್ನು ಖಿನ್ನತೆ ಹಾಗೂ ಆತ್ಮಹತ್ಯೆಯ ಯೋಚನೆಗಳು ಕಾಡಿದ್ದವೆಂದು 2020ರಲ್ಲಿ ತಾವೇ ಹೇಳಿಕೊಂಡರು. ದಿನಚರಿ ಬರೆಯತೊಡಗಿದ್ದೂ ಇತರರ ನೆರವು ಪಡೆದದ್ದೂ ಹೊರಬರಲು ಸಹಾಯಕವಾಯಿತೆಂದು ವಿವರಿಸಿದರು. 2014ರ ಐಪಿಎಲ್‌ನಲ್ಲಿ ಅತ್ಯಧಿಕ, ಅಂದರೆ 660 ರನ್ ಗಳಿಸಿದವರು ಅದೇ ಉತ್ತಪ್ಪ ಎಂಬುದು ಗಮನಾರ್ಹ.

ಚಿಕಿತ್ಸೆ ಎಂದರೇನು?

ಮನೋಚಿಕಿತ್ಸೆ ಎಂದೊಡನೆ ‘ಹುಚ್ಚಿಗೆ ಮದ್ದು’ ಎಂದು ಭಾವಿಸುವವರು ಇಂದಿಗೂ ಇದ್ದಾರೆ. ವಾಸ್ತವದಲ್ಲಿ ಅದು ತರಬೇತಿ ಪಡೆದ ತಜ್ಞರೊಡನೆ ನಿಗದಿತ ಸಮಯದಲ್ಲಿ ನಡೆಯುವ, ಗೋಪ್ಯವಾಗಿ ಉಳಿಯುವ ಮಾತುಕತೆ. ‘ಒಂದು ಪಂದ್ಯ ಸೋತರೆ ನಾನೇ ನಿಷ್ಪ್ರಯೋಜಕ’ ಎಂಬಂತಹ ಯೋಚನೆಯನ್ನು ಗುರುತಿಸಿ, ಅದು ನಿಜವೇ ಎಂದು ಪರೀಕ್ಷಿಸಿ, ಬದಲಿಸಿಕೊಳ್ಳುವುದನ್ನು ಅರಿವು-ವರ್ತನೆ ಚಿಕಿತ್ಸೆ ಕಲಿಸುತ್ತದೆ. ಗಾಯ, ತಂಡದಿಂದ ಕೈಬಿಡುವಿಕೆ, ನಿವೃತ್ತಿ, ಆಪ್ತರ ಅಗಲಿಕೆ — ಕ್ರೀಡಾಪಟುಗಳು ಹೆಚ್ಚು ಕುಸಿಯುವ ಸಂದರ್ಭಗಳಿವು.

ಇಲ್ಲಿ ಮೂವರ ಪಾತ್ರವನ್ನು ಬೇರೆ ಬೇರೆಯಾಗಿ ತಿಳಿಯುವುದು ಒಳಿತು. ಕ್ರೀಡಾ ಮನಶ್ಶಾಸ್ತ್ರಜ್ಞರ ಗಮನ ಮುಖ್ಯವಾಗಿ ಏಕಾಗ್ರತೆ ಮತ್ತು ಪ್ರದರ್ಶನದ ಮೇಲಿರುತ್ತದೆ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಖಿನ್ನತೆ, ಆತಂಕಗಳಿಗೆ ಮಾತಿನ ಮೂಲಕ ಚಿಕಿತ್ಸೆ ನೀಡುತ್ತಾರೆ. ಔಷಧ ಬೇಕಾದಲ್ಲಿ ಮನೋವೈದ್ಯರನ್ನು ಕಾಣಬೇಕು. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿಯಲ್ಲಿಲ್ಲ. ಆದರೂ ಯಾವುದೇ ಔಷಧ ಸೇವಿಸುವ ಮುನ್ನ ತಾನು ಸ್ಪರ್ಧಾಳು ಎಂಬುದನ್ನು ವೈದ್ಯರಿಗೆ ತಿಳಿಸುವುದು ಅಗತ್ಯ.

ಚಿಕಿತ್ಸೆ ಪಡೆದವರು ಆಟದಲ್ಲಿ ಹಿಂದೆ ಬೀಳುವರೆಂಬ ಭಯಕ್ಕೆ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಉತ್ತರವಾಗಿದ್ದಾರೆ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಾನಸಿಕ ಆರೋಗ್ಯದ ಕಾರಣ ತಂಡ ವಿಭಾಗದ ಫೈನಲ್‌ನಿಂದ ಹಿಂದೆ ಸರಿದಾಗ ಅವರು ಟೀಕೆಗೂ ಗುರಿಯಾದರು. 2024ರ ಪ್ಯಾರಿಸ್‌ನಲ್ಲಿ ತಂಡ ವಿಭಾಗದ ಫೈನಲ್ ದಿನ ಬೆಳಿಗ್ಗೆ ತಮ್ಮ ಚಿಕಿತ್ಸಕರೊಡನೆ ಮಾತನಾಡಿಯೇ ಸ್ಪರ್ಧೆಗಿಳಿದರು. ಆ ಕೂಟದಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಅವರದಾಯಿತು.

ಮಲೆನಾಡಿನ ಮಕ್ಕಳಿಗೆ?

ಖ್ಯಾತನಾಮರಿಗೆ ತಜ್ಞರು ಸಿಗಬಹುದು. ಮೂಡಿಗೆರೆ, ಕಳಸದ ತೋಟಗಳ ನಡುವಿನಿಂದ ಕ್ರೀಡಾ ವಸತಿ ನಿಲಯ ಸೇರುವ ಹದಿಮೂರರ ಬಾಲಕಿಗೆ ಸಿಗುವರೇ? ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಘಟ್ಟದ ತಿರುವುಗಳಲ್ಲಿ ಹೋಗಿಬರಲು ಒಂದು ದಿನವೇ ಬೇಕು. ಕೂಲಿ ಬಿಟ್ಟು ಬರುವ ಪೋಷಕರಿಗೆ ಅದು ಸಣ್ಣ ಮಾತಲ್ಲ. ಚಿಕ್ಕ ಊರಿನಲ್ಲಿ ಯಾರಾದರೂ ನೋಡಿಯಾರೆಂಬ ಅಳುಕು ಬೇರೆ.

ಇಂಥವರಿಗೆ ದೂರವಾಣಿಯೇ ಹತ್ತಿರದ ಬಾಗಿಲು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ, ದಿನದ 24 ಗಂಟೆಯೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ಸೇವೆಯ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಯಲ್ಲೂ ತಜ್ಞರ ನೆರವು ಪಡೆಯಬಹುದು. ಆದರೆ ಮಳೆಗಾಲದಲ್ಲಿ ಮೊಬೈಲ್ ಸಂಕೇತವೇ ಸಿಗದ ಊರುಗಳು ಇಲ್ಲಿ ಇನ್ನೂ ಇವೆ ಎಂಬುದನ್ನು ಮರೆಯುವಂತಿಲ್ಲ.

ಆದುದರಿಂದ ಮೊದಲ ಹೊಣೆ ಹತ್ತಿರದವರದ್ದೇ. ಹುರುಪಿನಿಂದಿದ್ದ ಮಗು ಅಭ್ಯಾಸಕ್ಕೆ ಹಿಂಜರಿದರೆ, ಊಟ-ನಿದ್ದೆ ಕೆಟ್ಟರೆ, ಮಾತು ಕಡಿಮೆ ಮಾಡಿದರೆ ಗದರುವ ಮುನ್ನ ದೈಹಿಕ ಶಿಕ್ಷಕರೂ ಪೋಷಕರೂ ಪಕ್ಕದಲ್ಲಿ ಕುಳಿತು ಕೇಳಬೇಕು. ಸಾಯುವ ಮಾತು ಬಂದರಂತೂ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಪದಕ ಮುಂದಿನ ವರ್ಷವೂ ಬಂದೀತು. ಮಗು ಉಳಿದರೆ ತಾನೆ?