ಚಿಕಿತ್ಸಾಶಿಕ್ಷಣದಲ್ಲಿ ಯಂತ್ರವಿಮರ್ಶೆಯ ಪ್ರಾಮಾಣ್ಯ

ವೈದ್ಯವಿದ್ಯೆಯು ಗ್ರಂಥಪಾಠದಿಂದ ಮಾತ್ರವೇ ಸಿದ್ಧಿಸತಕ್ಕುದಲ್ಲವೆಂಬುದನ್ನು ನಮ್ಮ ಪ್ರಾಚೀನರು ಚೆನ್ನಾಗಿ ಅರಿತಿದ್ದರು. ಸುಶ್ರುತಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯಕ್ಕೆ ‘ಯೋಗ್ಯಾಸೂತ್ರೀಯ’ವೆಂದು ಹೆಸರು. ಯೋಗ್ಯಾ ಎಂದರೆ ಕರ್ಮಾಭ್ಯಾಸ. ಶಾಸ್ತ್ರವನ್ನೆಲ್ಲಾ ಓದಿದ ಶಿಷ್ಯನೂ ಮೊದಲು ಕುಂಬಳ, ಸೋರೆ, ಸೌತೆ ಮೊದಲಾದ ಕಾಯಿಗಳಲ್ಲಿ ಛೇದನವನ್ನೂ, ನೀರು ತುಂಬಿದ ಚರ್ಮದ ಚೀಲಗಳಲ್ಲಿ ಭೇದನವನ್ನೂ ಅಭ್ಯಸಿಸಬೇಕೆಂಬ ವಿಧಿಯು ಅಲ್ಲಿರುವುದು. ಕಾಯಿಯ ಮೇಲೆ ಕೈ ತಪ್ಪಿದರೆ ಯಾರಿಗೂ ನೋವಿಲ್ಲವಷ್ಟೆ.

ಪ್ರಕೃತದಲ್ಲಿ, ವಿಶೇಷವಾಗಿ 2022ನೆಯ ನವಂಬರಿನಲ್ಲಿ ಚಾಟ್‌ಜಿಪಿಟಿಯು ಪ್ರಕಟವಾದಂದಿನಿಂದ, ವೈದ್ಯವಿದ್ಯಾರ್ಥಿಯು ಬರೆದ ರೋಗವೃತ್ತಾಂತವನ್ನು ಓದಿ ಗುಣದೋಷಗಳನ್ನು ಹೇಳುವ ಕೃತಕಬುದ್ಧಿಯ ಉಪಕರಣಗಳು ಬಳಕೆಗೆ ಬಂದಿವೆ. ಇವು ದಣಿಯವು, ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಬೇಸರಿಸವು. ಆದರೆ ಇವುಗಳ ವಾಕ್ಯಕ್ಕೆ ಪ್ರಾಮಾಣ್ಯವೆಷ್ಟೆಂಬುದು ವಿಚಾರಣೀಯವಾಗಿದೆ.

ರೋಗಜ್ಞಾನಕ್ಕೆ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನಗಳೆಂಬ ಮೂರು ಸಾಧನಗಳನ್ನು ಚರಕನು ಹೇಳಿರುವನು. ಯಂತ್ರಕ್ಕೆ ರೋಗಿಯು ಪ್ರತ್ಯಕ್ಷನಲ್ಲ. ಗೋಚರವಾಗುವುದು ಶಿಷ್ಯನ ಬರಹವೊಂದೇ. ಹೃದಯದ ಶಬ್ದವು ಸಹಜವಾಗಿದೆಯೆಂದು ಶಿಷ್ಯನು ತಪ್ಪಾಗಿ ಬರೆದನೆನ್ನೋಣ. ಕ್ರಮವೂ ಭಾಷೆಯೂ ಶುದ್ಧವಾಗಿದ್ದರೆ ಯಂತ್ರವು ಆ ಬರಹವನ್ನು ಮೆಚ್ಚಬಹುದು. ಗುರುವು ಸ್ಟೆತಾಸ್ಕೋಪನ್ನು ರೋಗಿಯ ಎದೆಗಿಟ್ಟೊಡನೆಯೇ ಮರ್ಮರಧ್ವನಿಯು ಕೇಳಿಬರುವುದು. ಕಿವಿಯ ದೋಷವನ್ನು ಬರಹವು ಹೇಗೆ ತೋರಿಸೀತು? ಇದಲ್ಲದೆ, ಈ ಯಂತ್ರಗಳು ಇಲ್ಲದ ಸಂಗತಿಯನ್ನೂ ನಿಶ್ಚಯದ ಧ್ವನಿಯಲ್ಲಿ ನುಡಿಯುವುದುಂಟು. ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆ ತಿಳಿಸಲೆಳಸುವವನೇ ಆಪ್ತನೆಂಬುದು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನ ಮತ. ಆದಕಾರಣ ಯಂತ್ರವಾಕ್ಯವು ಆಪ್ತವಾಕ್ಯವೆನಿಸದು.

ಹಾಗೆಂದು ಅದು ಸರ್ವಥಾ ತ್ಯಾಜ್ಯವಲ್ಲ. ಸುಶ್ರುತನ ಸೋರೆಕಾಯಿಯ ಸ್ಥಾನದಲ್ಲಿ ಅದನ್ನು ಇರಿಸತಕ್ಕುದು. ಕಲ್ಪಿತ ರೋಗಿಯೊಡನೆ ಪ್ರಶ್ನೋತ್ತರವನ್ನು ಅಭ್ಯಸಿಸುವುದಕ್ಕೂ, ಬರಹದಲ್ಲಿ ಬಿಟ್ಟುಹೋದ ಅಂಶಗಳನ್ನು ಹುಡುಕುವುದಕ್ಕೂ ಅದು ಉಪಯುಕ್ತವೇ ಸರಿ. ಆದರೆ ಮೂರು ನಿಯಮಗಳು ಅವಶ್ಯ. ಮೊದಲನೆಯದಾಗಿ, ಶಿಷ್ಯನು ತನ್ನ ನಿರ್ಣಯವನ್ನು ಬರೆದಿಟ್ಟ ಮೇಲೆಯೇ ಯಂತ್ರವನ್ನು ಕೇಳಬೇಕು. ಇಲ್ಲವಾದರೆ ಅವನ ಊಹಾಶಕ್ತಿಯು ಕುಂದುವುದು. ಎರಡನೆಯದಾಗಿ, ರೋಗಿಯ ಹೆಸರು, ಊರು ಮೊದಲಾದ ಗುರುತುಗಳನ್ನು ಅದಕ್ಕೆ ಒಪ್ಪಿಸಕೂಡದು. ರೋಗಿಯು ವೈದ್ಯನನ್ನು ನಂಬಿ ಸಂಕಟವನ್ನು ಹೇಳಿಕೊಂಡಿರುವನು. ಮೂರನೆಯದಾಗಿ, ಶಿಷ್ಯನ ಯೋಗ್ಯತೆಯ ನಿರ್ಣಯವು ಅವನು ರೋಗಿಯನ್ನು ಪರೀಕ್ಷಿಸುವುದನ್ನು ಕಣ್ಣಾರೆ ಕಂಡ ಗುರುವಿನದೇ ಆಗಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಸಂಶೋಧನೆ ಮತ್ತು ಚಿಕಿತ್ಸೆಗಳಲ್ಲಿ ಕೃತಕಬುದ್ಧಿಯ ಬಳಕೆಗಾಗಿ 2023ರಲ್ಲಿ ಪ್ರಕಟಿಸಿದ ನೀತಿಸೂತ್ರಗಳಲ್ಲಿಯೂ ಮಾನವನ ಮೇಲ್ವಿಚಾರಣೆಗೂ ಮಾಹಿತಿಯ ಗೌಪ್ಯತೆಗೂ ಪ್ರಾಧಾನ್ಯವಿರುವುದು.

ಪ್ರಬಂಧಗಳನ್ನು ತಿದ್ದುವ ಸಾಹಿತ್ಯೋಪಾಧ್ಯಾಯರಿಗೂ ಈ ವಿವೇಕವು ಬೇಕಾದುದೇ. ನಮ್ಮ ತರಗತಿಯಲ್ಲಿ ಪ್ರಮಾಣವು ತಪ್ಪಿದರೆ ವಾಕ್ಯವು ಕೆಡುವುದು. ರೋಗಿಯ ಮಂಚದ ಬಳಿ ತಪ್ಪಿದರೆ ಪ್ರಾಣಕ್ಕೇ ಹಾನಿ.